ಸೆಂಟ್ ಕೋಣೆಯ ಎಕ್ಸಾಸ್ಟ್‌ಗೆ ಯುವಿ-ಓಝೋನ್ ಪೆಟ್ಟಿಗೆ: ಲ್ಯಾಂಪ್ ಸರಿ, ಡಬ್ಬ ಚಿಕ್ಕದು

ಮೈಸೂರಿನ ಅಗರಬತ್ತಿ ಘಟಕಗಳಿಗೆಂದೇ ಮಾರುತ್ತಿರುವ ಪೆಟ್ಟಿಗೆ ಇದು. ಬತ್ತಿಯನ್ನು ಸೆಂಟಿಗೆ ಅದ್ದುವ ಕೋಣೆಯ ಎಕ್ಸಾಸ್ಟ್ ಡಕ್ಟಿಗೆ ಕೂರಿಸಬೇಕು. ಹೊರಹೋಗುವ ಗಾಳಿಯಲ್ಲಿನ ಸೆಂಟಿನ ಆವಿಯನ್ನು ಒಡೆದು ವಾಸನೆ ತೆಗೆಯುವುದು ಇದರ ಕೆಲಸ. ಉದ್ದ, ಅಗಲ, ಎತ್ತರ ಎರಡೆರಡು ಅಡಿಯ ಸ್ಟೀಲ್ ಡಬ್ಬ, ಒಳಗೆ ಯುವಿ (ಅತಿನೇರಳೆ) ಕಿರಣದ ಕ್ವಾರ್ಟ್ಜ್ ಲ್ಯಾಂಪು, ಹೊರಗೆ ಲ್ಯಾಂಪಿನ ಕರೆಂಟನ್ನು ಹಿಡಿತದಲ್ಲಿಡುವ ಬ್ಯಾಲಸ್ಟ್.

ಲ್ಯಾಂಪಿಗೆ ಪೂರ್ತಿ ಅಂಕ. 185 ನ್ಯಾನೊಮೀಟರಿನ ಕಿರಣ ಆಮ್ಲಜನಕದಿಂದ ಓಝೋನ್ ಮಾಡುತ್ತದೆ. 254ರದ್ದು ಆ ಓಝೋನನ್ನು ಒಡೆದಾಗ ಗಾಳಿಯ ತೇವದೊಡನೆ, ಆವಿಯನ್ನು ಥಟ್ಟನೆ ಒಡೆಯುವ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ. ಸೆಂಟಿನ ಲಿಮೊನೀನ್, ಲಿನಲೂಲ್ ಓಝೋನಿಗೂ ಬಗ್ಗುತ್ತವೆ. ಟಾಲುಯೀನ್ ಎಂಬ ದ್ರಾವಕ ಬಗ್ಗುವುದು ರ‍್ಯಾಡಿಕಲ್‌ಗೆ ಮಾತ್ರ. ಅಗ್ಗಕ್ಕೆ ಸಿಕ್ಕಿತೆಂದು ನೀರಿನ ಫಿಲ್ಟರಿನ ಲ್ಯಾಂಪ್ ತಂದು ಹಾಕಬೇಡಿ. ಸಾಮಾನ್ಯವಾಗಿ ಅದರ ಗಾಜು 185 ಅನ್ನು ತಡೆದುಬಿಡುತ್ತದೆ.

ತಕರಾರಿರುವುದು ಡಬ್ಬದ ಅಳತೆಯಲ್ಲಿ. 1,000 ಸಿಎಫ್‌ಎಂ (ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ) ಬ್ಲೋವರ್ ಇದ್ದರೆ ಗಾಳಿ ಒಳಗೆ ನಿಲ್ಲುವುದು ಅರ್ಧ ಸೆಕೆಂಡ್. ಎರಡು ಸೆಕೆಂಡಾದರೂ ಬೇಕೆಂದರೆ 1 ಘನ ಮೀಟರ್ ಜಾಗ ಬೇಕು, ಅಂದರೆ ಇಂಥ ನಾಲ್ಕು ಡಬ್ಬ. ಅರೆಬರೆ ಒಡೆದ ಸೆಂಟು ಫಾರ್ಮಾಲ್ಡಿಹೈಡ್ ಆಗಿ ಹೊರಬೀಳುತ್ತದೆ. ವಾಸನೆ ಹೋಯಿತು, ಕಾಟ ಹೋಗಲಿಲ್ಲ! ಈ ಗಾಳಿಯನ್ನು ತಿರುಗಿ ಕೋಣೆಗೆ ಬಿಡಬಹುದು ಎನ್ನುವ ಮಾರಾಟಗಾರನ ಮಾತಿಗೆ ಸೊಪ್ಪು ಹಾಕಬೇಡಿ.

ಡಬ್ಬದ ಮುಂದೆ ಧೂಳು ತಡೆಯುವ ಪ್ರೀ-ಫಿಲ್ಟರ್ ಕೊಟ್ಟಿಲ್ಲ. ಇದ್ದಿಲು ಪುಡಿಯೂ ಸೆಂಟನ್ನು ತೆಳುಮಾಡುವ ಡಿಇಪಿ (ಡೈಇಥೈಲ್ ಥ್ಯಾಲೇಟ್) ಎಣ್ಣೆಯ ಮಂಜೂ ಸೇರಿ ಲ್ಯಾಂಪಿನ ಮೇಲೆ ಕಂದು ಪೊರೆ ಕಟ್ಟುತ್ತವೆ. ನೀಲಿ ಬೆಳಕು ಕಾಣುತ್ತಲೇ ಇರುತ್ತದೆ, ಕೆಲಸ ಮಾತ್ರ ನಿಂತಿರುತ್ತದೆ. ಮೇನ್ ಆಫ್ ಮಾಡಿ, ಲ್ಯಾಂಪ್ ಆರಿದ ಮೇಲೆ ಗ್ಲೌಸ್ ಹಾಕಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಬರಿಗೈ ಮುಟ್ಟಿದರೆ ಬೆರಳಚ್ಚು ಗಾಜಿನ ಮೇಲೆ ಸುಟ್ಟುಕೂರುತ್ತದೆ. ಲ್ಯಾಂಪಿನ ಆಯುಸ್ಸು ಸುಮಾರು 9,000 ಗಂಟೆ, ಆದರೆ 185ರ ಬಲ ಅದಕ್ಕೂ ಮೊದಲೇ ಕುಗ್ಗುತ್ತದೆ. ಲ್ಯಾಂಪ್ ಉರಿದ ಗಂಟೆ ಎಣಿಸುವ ಅವರ್ ಮೀಟರ್ ಇಲ್ಲದ್ದನ್ನು ಕೊಳ್ಳಬೇಡಿ.

ಬಾಗಿಲಿಗೆ ಲಿಮಿಟ್ ಸ್ವಿಚ್ ಇದೆ, ಒಳ್ಳೆಯದು. ತೆರೆದೊಡನೆ ಲ್ಯಾಂಪ್ ಆರುತ್ತದೆ, ಕಣ್ಣು ಉಳಿಯುತ್ತದೆ. ಬ್ಲೋವರ್ ನಿಂತರೆ ಲ್ಯಾಂಪೂ ಆರುವಂತೆ ಏರ್‌ಫ್ಲೋ ಸ್ವಿಚ್ ನೀವೇ ಹಾಕಿಸಬೇಕು. ಗ್ಯಾಸ್ಕೆಟ್ ಸಾದಾ ರಬ್ಬರಿನದು. ಓಝೋನಿಗೆ ಅದು ಸೀಳುಬಿಡುತ್ತದೆ, ಸಿಲಿಕೋನಿನದು ಕೇಳಿ ಹಾಕಿಸಿಕೊಳ್ಳಿ.

ಕೊನೆಗೆ, ಉಳಿದ ಓಝೋನನ್ನು ತಡೆಯಲು ಕಾರ್ಬನ್ ಬೆಡ್ (ಇದ್ದಿಲಿನ ಪದರ) ಇರಲೇಬೇಕು, ಅದಕ್ಕೆ ಬೇರೆ ದುಡ್ಡು. ಕಾರ್ಬನ್ ಸೋತಿದೆಯೋ ನೋಡಲು ಹೊರಬಾಯಿಯ ಹತ್ತಿರ ನೆರಳಿನಲ್ಲಿ ಒಂದು ರಬ್ಬರ್ ಬ್ಯಾಂಡ್ ಎಳೆದು ಕಟ್ಟಿ. ಕೆಲವೇ ದಿನಗಳಲ್ಲಿ ಅದರ ಮೈಮೇಲೆ ಅಡ್ಡಡ್ಡ ಗೆರೆಯ ಬಿರುಕು ಕಂಡರೆ, ಅಥವಾ ಜೆರಾಕ್ಸ್ ಅಂಗಡಿಯಂಥ ವಾಸನೆ ಬಂದರೆ, ಓಝೋನ್ ನುಸುಳುತ್ತಿದೆ, ಕಾರ್ಬನ್ ಬದಲಿಸಿ.