ಅಳಿವೆ ಹತ್ತಿರ ಎಂಜಿನ್ ಸೀಜ್: ಡೂಪ್ಲಿಕೇಟ್ ಇಂಪೆಲ್ಲರ್ ಬಗ್ಗೆ ಹುಷಾರು

ನಾಡದೋಣಿಗೆ ಸಣ್ಣ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗಿನಿಂದ ಬಿಗಿಯುವ) ಎಂಜಿನ್ ಇಟ್ಟುಕೊಂಡವರು, ಅದರಲ್ಲೂ ಇತ್ತೀಚೆಗೆ ನೀರಿನ ಪಂಪ್ ಬಿಚ್ಚಿಸಿ ಹೊಸ ಸಾಮಾನು ಹಾಕಿಸಿದವರು ದಯವಿಟ್ಟು ಇದನ್ನು ಪೂರ್ತಿ ಓದಿ. ಎಂಜಿನ್ ತಣ್ಣಗಿಡಲು ನೀರು ಎತ್ತುವ ಈ ಪಂಪಿನೊಳಗೆ ಇಂಪೆಲ್ಲರ್ ಅಂತ ರೆಕ್ಕೆಗಳಿರುವ ಒಂದು ರಬ್ಬರ್ ಚಕ್ರ ಇರುತ್ತದೆ. ಮುಷ್ಟಿಯೊಳಗೆ ಅಡಗುವಷ್ಟು ಚಿಕ್ಕದು. ಅದರ ಡೂಪ್ಲಿಕೇಟ್ ಮಾಲನ್ನು ಒರಿಜಿನಲ್ ಅಂತ ಹೇಳಿಯೇ ನಮಗೆ ಕೊಟ್ಟರು. ಅದರಿಂದ ಎಂಜಿನ್ ಹೋಯಿತು. ನನ್ನ ಮತ್ತು ಅಣ್ಣನ ಜೀವ ಉಳಿದದ್ದೇ ಹೆಚ್ಚು.

ನಮ್ಮದು 9.9 ಎಚ್‌ಪಿಯ ಹಳೇ ಟೂ ಸ್ಟ್ರೋಕ್, ಪೆಟ್ರೋಲ್ ಮಾದರಿ. ಜೂನ್ 1ರಿಂದ ಜುಲೈ 31ರ ತನಕ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟ್‌ಗಳಿಗೆ ಮೀನುಗಾರಿಕೆ ನಿಷೇಧ ಇರುತ್ತದೆ, 10 ಎಚ್‌ಪಿ ಒಳಗಿನ ಎಂಜಿನ್ ಇರುವ ನಾಡದೋಣಿಗಳು ಮಾತ್ರ ಇಳಿಯಬಹುದು. ನಮ್ಮಂಥವರಿಗೆ ನಾಲ್ಕು ಕಾಸು ಕಾಣುವ ಕಾಲ ಅದು. ಹಾಗಾಗಿ ಮಳೆ ಶುರುವಾಗುವ ಮುಂಚೆಯೇ ಎಂಜಿನ್ ಬಿಚ್ಚಿ, ಪ್ಲಗ್, ಗೇರ್ ಆಯಿಲ್, ಇಂಪೆಲ್ಲರ್ ಎಲ್ಲ ಹೊಸದು ಹಾಕಿಸುವುದು ಅಣ್ಣನ ರೂಢಿ. ಈ ಸಲವೂ ಹಾಕಿಸಿದೆವು. ಬಂದರಿನ ಹತ್ತಿರದ ಅಂಗಡಿಯಲ್ಲಿ ಇಂಪೆಲ್ಲರ್ ಕೇಳಿದಾಗ ಒಳಗಿಂದ ಪ್ಯಾಕೆಟ್ ತಂದರು, ಕಂಪನಿ ಪ್ಯಾಕೆಟ್ ಥರಾನೇ ಪ್ರಿಂಟ್ ಇತ್ತು, ರೇಟೂ ಒರಿಜಿನಲ್‌ದೇ ತಗೊಂಡರು. ಬಿಲ್ ಕೇಳಿದ್ದಕ್ಕೆ ಚೀಟಿಯಲ್ಲಿ ಬರೆದುಕೊಟ್ಟರು.

ನಮ್ಮ ಗಂಗೊಳ್ಳಿ ಅಳಿವೆ, ಅಂದರೆ ಹೊಳೆ ಸಮುದ್ರ ಸೇರುವ ಜಾಗ, ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಹೊಳೆ ನೀರು ಹೊರಗೆ ನುಗ್ಗುವಾಗ, ಅದೂ ಇಳಿತದ ಹೊತ್ತಿನಲ್ಲಿ, ಸಮುದ್ರದ ತೆರೆ ಎದುರಾಗಿ ಎದ್ದು ನಿಲ್ಲುತ್ತದೆ. ಅಲ್ಲಿ ಎಂಜಿನ್ ನಿಂತರೆ ದೋಣಿ ಅಡ್ಡ ತಿರುಗುತ್ತದೆ, ಅಡ್ಡ ತಿರುಗಿದ ದೋಣಿಯನ್ನು ಮುಂದಿನ ತೆರೆಯೇ ಮಗುಚುತ್ತದೆ. ನಾವು ಬಲೆ ಎಳೆದುಕೊಂಡು ವಾಪಸ್ ಬರುತ್ತಿದ್ದೆವು, ಅಳಿವೆ ಇನ್ನೂ ಸ್ವಲ್ಪ ದೂರ ಇತ್ತು. ಬಣ್ಣ ಸುಟ್ಟ ವಾಸನೆ ಬಂತು. ತಿರುಗಿ ನೋಡಿದರೆ ಎಂಜಿನ್ ಪಕ್ಕದ ತೂತಿನಿಂದ ನೀರು ಚಿಮ್ಮುವ ಜಾಗದಲ್ಲಿ ಬರೀ ಹಬೆ. ಅಣ್ಣ ಆಫ್ ಮಾಡಲು ಕೈ ಹಾಕುವಷ್ಟರಲ್ಲಿ ಸದ್ದು ಭಾರವಾಗಿ ಟಪ್ ಅಂತ ನಿಂತೇ ಹೋಯಿತು. ಸ್ಟಾರ್ಟರ್ ಹಗ್ಗ ಎಳೆದರೆ ಗೋಡೆಗೆ ಕಟ್ಟಿದ ಹಾಗೆ, ಒಂದಿಂಚೂ ಬರಲಿಲ್ಲ. ಸೀಜ್ ಆಗಿತ್ತು, ಅಂದರೆ ಬಿಸಿಗೆ ಒಳಗೆ ಪಿಸ್ಟನ್ ಕಚ್ಚಿಕೊಂಡಿತ್ತು. ತಕ್ಷಣ ಲಂಗರು ಬಿಟ್ಟೆವು, ಹಗ್ಗ ಉದ್ದ ಇದ್ದದ್ದಕ್ಕೆ ಅದು ನೆಲ ಕಚ್ಚಿತು. ಹಿಂದೆ ಬರುತ್ತಿದ್ದ ಇನ್ನೊಂದು ದೋಣಿಯವರು ನಮ್ಮನ್ನು ಕಟ್ಟಿ ಎಳೆದು ತಂದರು. ಅವರ ಋಣ ತೀರಿಸುವುದು ಹೇಗೆ ಅಂತ ಗೊತ್ತಿಲ್ಲ. ಇದೇ ಎಂಜಿನ್ ಇನ್ನೂ ಸ್ವಲ್ಪ ಓಡಿ ಅಳಿವೆಯ ತೆರೆಗಳ ನಡುವೆ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಮೆಕ್ಯಾನಿಕ್ ನಮ್ಮ ಎದುರಿಗೇ ಕೆಳಗಿನ ಗೇರ್ ಕೇಸ್ ಇಳಿಸಿ ಪಂಪ್ ಬಿಚ್ಚಿದರು. ರೆಕ್ಕೆ ಮುರಿದಿರಬೇಕು ಅಂತ ನಾನು ಅಂದುಕೊಂಡಿದ್ದೆ. ಒಂದೂ ಮುರಿದಿರಲಿಲ್ಲ! ಎಲ್ಲ ರೆಕ್ಕೆಯೂ ಹೊಸದರ ಹಾಗೇ ಇತ್ತು. ಆಮೇಲೆ ಅವರು ಚಕ್ರವನ್ನು ನನ್ನ ಕೈಗೆ ಕೊಟ್ಟು, "ನಡುವಿನ ಬುಶ್ ತಿರುಗಿಸಿ ನೋಡಿ ಮಾರಾಯ್ರೇ" ಅಂದರು. ರಬ್ಬರಿನ ನಡುವೆ ಬಳೆಯಂಥ ಒಂದು ಲೋಹದ ಬುಶ್ ಇರುತ್ತದೆ, ಶಾಫ್ಟಿನ ಕೀ (ಸಣ್ಣ ಲೋಹದ ತುಂಡು) ಕೂರಲು ಅದರಲ್ಲಿ ಕಚ್ಚು ಕೊರೆದಿರುತ್ತದೆ. ಶಾಫ್ಟ್ ತಿರುಗಿದರೆ ಬುಶ್ ತಿರುಗಬೇಕು, ಬುಶ್ ಜೊತೆಗೆ ರಬ್ಬರ್ ತಿರುಗಬೇಕು. ನಾನು ಎರಡು ಬೆರಳಲ್ಲಿ ತಿರುಗಿಸಿದೆ, ಬುಶ್ ಒಂದೇ ಸಲೀಸಾಗಿ ಸುತ್ತಿತು, ರಬ್ಬರ್ ಅಲ್ಲೇ ಇತ್ತು. ಒಳಗಿನ ಅಂಟು ಬಿಟ್ಟಿತ್ತು. ಅಂದರೆ ಶಾಫ್ಟ್ ಜೋರಾಗಿ ತಿರುಗುತ್ತಿದ್ದರೂ ಪಂಪ್ ನೀರೇ ಎತ್ತುತ್ತಿರಲಿಲ್ಲ. ತಣ್ಣಗೆ ಇದ್ದಾಗ ಸ್ವಲ್ಪ ಹಿಡಿದುಕೊಂಡಿರುತ್ತದೆ, ಬಿಸಿಯಾದ ಮೇಲೆ ಜಾರುತ್ತದೆ. ಹಾಗಾಗಿ ದಡದಲ್ಲಿ ಸ್ಟಾರ್ಟ್ ಮಾಡಿ ನೋಡಿದಾಗ ನೀರು ಚೆನ್ನಾಗಿಯೇ ಚಿಮ್ಮಿತ್ತು.

ಇದು ಮುಖ್ಯ. ದಡದಲ್ಲಿ ಎರಡು ನಿಮಿಷ ಓಡಿಸಿ, ನೀರು ಬರುತ್ತಿದೆ ಅಂತ ಹೊರಡುವುದು ಸಾಲದು. ಹೊಸ ಇಂಪೆಲ್ಲರ್ ಹಾಕಿದ ಮೇಲೆ ಹೊಳೆಯೊಳಗೇ ಲೋಡ್ ಹಾಕಿ, ಎಂಜಿನ್ ಚೆನ್ನಾಗಿ ಬಿಸಿಯಾಗುವ ತನಕ ಓಡಿಸಿ ನೋಡಿ. ಈ ಅಳತೆಯ ಹಳೇ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಅಲಾರಂ ಇರುವುದಿಲ್ಲ, ಆ ಚಿಮ್ಮುವ ನೀರೇ ಅಲಾರಂ. ಅದು ಸಣ್ಣಗಾದರೆ ತಕ್ಷಣ ಆಫ್ ಮಾಡಿ. ಕೆಲವು ಸಲ ತೂತಿಗೆ ಉಪ್ಪು ಕಟ್ಟಿರುತ್ತದೆ, ತೆಳ್ಳಗಿನ ತಂತಿ ಹಾಕಿ ಚುಚ್ಚಿದರೆ ಸರಿಯಾಗುತ್ತದೆ. ಆಗಲೂ ಬರದಿದ್ದರೆ ಪಂಪಿನದ್ದೇ ತೊಂದರೆ. ಮತ್ತೆ ಸುಮ್ನೆ ಸದ್ದು ಕೇಳೋಣ ಅಂತ ನೀರಿಲ್ಲದೆ ಎಂಜಿನ್ ಸ್ಟಾರ್ಟ್ ಮಾಡಬೇಡಿ, ಒಣಗಿದ ಪಂಪಿನಲ್ಲಿ ಒಳ್ಳೇ ರಬ್ಬರ್ ಕೂಡ ಬೇಗ ಸುಡುತ್ತದೆ.

ಕೊಳ್ಳುವಾಗ ಏನು ನೋಡಬೇಕು? ಕೈಯಲ್ಲಿ ಹಿಡಿದು ಬುಶ್ ಅನ್ನು ಜೋರಾಗಿ ತಿರುಚಿ, ಕೂದಲೆಳೆಯಷ್ಟೂ ಜಾರಬಾರದು. ರೆಕ್ಕೆಯನ್ನು ಪೂರ್ತಿ ಮಡಚಿ ಬಿಡಿ, ತಕ್ಷಣ ನೆಟ್ಟಗಾಗಬೇಕು, ಬುಡದಲ್ಲಿ ಬಿರುಕು ಕಾಣಬಾರದು. ಹಳೇದನ್ನು ಜೊತೆಗೆ ಒಯ್ದು ಪಕ್ಕದಲ್ಲಿಟ್ಟು ಎತ್ತರ, ಅಗಲ, ಕೀ ಕೂರುವ ಕಚ್ಚು ಹೋಲಿಸಿ. ಪ್ಯಾಕೆಟ್ ಮೇಲೆ ತಯಾರಕರ ಅಥವಾ ಆಮದು ಮಾಡಿದವರ ಹೆಸರು ವಿಳಾಸ, ತಿಂಗಳು ವರ್ಷ, ಎಂಆರ್‌ಪಿ ಇರಲೇಬೇಕು, ಅದು ಕಾನೂನು. ನಮಗೆ ಕೊಟ್ಟ ಪ್ಯಾಕೆಟ್ಟನ್ನು ಆಮೇಲೆ ಹುಡುಕಿ ತೆಗೆದು ನೋಡಿದರೆ ಬಣ್ಣ, ಹೆಸರು ಎಲ್ಲ ಇತ್ತು, ವಿಳಾಸ ಮಾತ್ರ ಇರಲಿಲ್ಲ.

ಪಾರ್ಟ್ ನಂಬರ್ ವಿಷಯದಲ್ಲೂ ಹುಷಾರು. ಯಮಹಾ ಎಂಜಿನ್ ಇದ್ದರೆ, ನಂಬರಿನ ಮೊದಲ ಮೂರು ಅಕ್ಷರ ಮಾದರಿಯ ಗುರುತು, ನಡುವಿನ ಐದು ಅಂಕಿ ಸಾಮಾನಿನ ಗುರುತು. ನಡುವೆ 44352 ಇದ್ದರೆ ಅದು ಇಂಪೆಲ್ಲರ್, ಸಣ್ಣ ಎಂಜಿನ್‌ಗೂ ಅದೇ ದೊಡ್ಡದಕ್ಕೂ ಅದೇ. ಅಷ್ಟನ್ನೇ ತೋರಿಸಿ "ನಂಬರ್ ಸರಿ ಇದೆ ನೋಡಿ" ಅಂದರೆ ಒಪ್ಪಬೇಡಿ, ಮೊದಲ ಮೂರು ಅಕ್ಷರ ನಿಮ್ಮ ಮಾದರಿಗೆ ಆಗುತ್ತದಾ ಅಂತ ಕೇಳಿ. ಮಾದರಿಯ ಹೆಸರು ದೋಣಿಗೆ ಬಿಗಿಯುವ ಕ್ಲ್ಯಾಂಪ್ ಬ್ರಾಕೆಟ್ ಮೇಲಿನ ಪಟ್ಟಿಯಲ್ಲಿ ಇರುತ್ತದೆ, ಉಪ್ಪಿಗೆ ಅಳಿಸಿ ಹೋಗುವ ಮುಂಚೆ ಫೋಟೋ ತೆಗೆದಿಟ್ಟುಕೊಳ್ಳಿ. "9.9ಕ್ಕೆ ಕೊಡಿ" ಅಂತ ಎಚ್‌ಪಿ ಹೇಳಿ ಕೇಳಿದರೆ ಯಾವುದೋ ವರ್ಷದ ಯಾವುದೋ ಮಾದರಿಯದ್ದು ಕೈಗೆ ಬರುತ್ತದೆ.

ಇದರ ಅನುಭವ ನಮಗೆ ರಿಪೇರಿಯ ಹೊತ್ತಿಗೂ ಆಯಿತು. ಸಿಲಿಂಡರ್ ಗೀಚಿ ಹೋಗಿತ್ತು, ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್, ರಿಂಗ್ ಹಾಕಬೇಕಾಯಿತು. ಹೆಡ್, ಅಂದರೆ ಸಿಲಿಂಡರಿನ ಮುಚ್ಚಳ, ಕೂಡ ಬೇಕಿತ್ತು. ಒಬ್ಬರು ಸೆಕೆಂಡ್ ಹ್ಯಾಂಡ್ ಹೆಡ್ ತಂದು "ಬೋಲ್ಟ್ ಎಲ್ಲ ಸರಿ ಕೂರುತ್ತದೆ, ಆರಾಮಾಗಿ ಹಾಕಿ" ಅಂದರು. ಕೂರುತ್ತಿತ್ತು ನಿಜ, ಆದರೆ ಅದು ಸೀಮೆಎಣ್ಣೆ ಮಾದರಿಯ ಹೆಡ್. ಸೀಮೆಎಣ್ಣೆ ಎಂಜಿನ್‌ನಲ್ಲಿ ಕಂಪ್ರೆಶನ್ (ಸಿಲಿಂಡರಿನೊಳಗೆ ಒತ್ತುವ ಪ್ರಮಾಣ) ಕಡಿಮೆ ಇಟ್ಟಿರುತ್ತಾರೆ. ಅದನ್ನು ಪೆಟ್ರೋಲ್ ಎಂಜಿನ್‌ಗೆ ಹಾಕಿದರೆ ಎಳೆತವೇ ಇರುವುದಿಲ್ಲ. ಉಲ್ಟಾ ಮಾಡಿದರೆ, ಅಂದರೆ ಪೆಟ್ರೋಲ್ ಹೆಡ್ಡನ್ನು ಸೀಮೆಎಣ್ಣೆ ಎಂಜಿನ್‌ಗೆ ಹಾಕಿದರೆ, ಬಡಿತ ಬಂದು ಪಿಸ್ಟನ್ನೇ ಹೋಗುತ್ತದೆ. ನಮ್ಮ ಮೆಕ್ಯಾನಿಕ್ ಕಣ್ಣಿಗೆ ಬಿದ್ದದ್ದಕ್ಕೆ ಬಚಾವ್. ಕೂರುತ್ತದೆ ಅನ್ನುವುದೇ ಬೇರೆ, ಆಗುತ್ತದೆ ಅನ್ನುವುದೇ ಬೇರೆ ಅಲ್ವಾ.

ಇಂಪೆಲ್ಲರ್ ಕೊಟ್ಟ ಅಂಗಡಿಯವರು ಅದೊಂದರ ದುಡ್ಡು ಮಾತ್ರ ವಾಪಸ್ ಕೊಡುತ್ತೇವೆ ಅಂದರು. ಪಿಸ್ಟನ್, ಬೋರಿಂಗ್, ಹೋದ ದುಡಿಮೆ ಯಾವುದೂ ಅವರಿಗೆ ಸಂಬಂಧ ಇಲ್ಲವಂತೆ. ನಾವು ಆ ದುಡ್ಡು ತಗೊಳ್ಳಲಿಲ್ಲ, ಇಂಪೆಲ್ಲರನ್ನೂ ವಾಪಸ್ ಕೊಡಲಿಲ್ಲ. 1915 ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟಿದ್ದೇವೆ. ಚೀಟಿಯಲ್ಲಿ ಸಾಮಾನಿನ ಹೆಸರೂ ಇಲ್ಲ, ಅಂಗಡಿ ಹೆಸರೂ ಇಲ್ಲ, ಈಗ ಅದೇ ದೊಡ್ಡ ತಲೆನೋವು. ದಯವಿಟ್ಟು ಪಾರ್ಟ್ ನಂಬರ್ ಬರೆದ ಪಕ್ಕಾ ಬಿಲ್ ಇಲ್ಲದೆ ಏನೂ ತಗೋಬೇಡಿ. ಮನೆಯಲ್ಲಿ ವಿಳಾಸ ಇಲ್ಲದ ಇಂಪೆಲ್ಲರ್ ಪ್ಯಾಕೆಟ್ ಇದ್ದರೆ ಇವತ್ತೇ ಒಡೆದು ಬುಶ್ ತಿರುಚಿ ನೋಡಿ. ಅಂಥದ್ದನ್ನು ಈಗಾಗಲೇ ಎಂಜಿನ್‌ಗೆ ಹಾಕಿಸಿದ್ದರೆ, ಬಿಚ್ಚಿ ನೋಡುವ ತನಕ ಅಳಿವೆ ದಾಟಬೇಡಿ.