ತೋಟದ ಮನೆಯ ಹಳೆಯ ಪಿಸ್ತೂಲು ಮತ್ತು ನಾನು ನೆಟ್ಟಗೆ ಮಾಡಿದ ಸ್ಪ್ರಿಂಗು

ಆಲ್ದೂರಿನ ಸಮೀಪದ ನಮ್ಮ ತೋಟದ ಮನೆಯಲ್ಲಿ, ತಂದೆಯವರ ಕಾಲಾನಂತರ ವಿಧಿವತ್ತಾಗಿ ನನ್ನ ಪರವಾನಗಿಗೆ ಸೇರಿದ ಒಂದು ಪುಟ್ಟ ಪಿಸ್ತೂಲಿದೆ. ಬೆಲ್ಜಿಯಂನ ಎಫ್‌ಎನ್ ಕಂಪನಿ ತಯಾರಿಸಿದ, 1906ರ ಬ್ರೌನಿಂಗ್ ಮಾದರಿ, 6.35 ಮಿ.ಮೀ. ಗುಂಡಿನದು. ಅಂಥದ್ದೊಂದು ನಿಮ್ಮ ಬೀರುವಿನಲ್ಲಿಯೂ ಇದ್ದು, ಈ ಮಳೆಗಾಲ ಕಳೆದ ಮೇಲೆ ಬಿಚ್ಚಿ ಒರೆಸೋಣ ಎನಿಸಿದ್ದರೆ, ದಯವಿಟ್ಟು ಕೈ ಹಾಕಬೇಡಿ.

ತಂದೆಯವರು ಅದಕ್ಕೆ ಕೊಬ್ಬರಿ ಎಣ್ಣೆ ಸವರಿ ಚರ್ಮದ ಚೀಲದಲ್ಲಿಡುತ್ತಿದ್ದರು. ಚರ್ಮ ಮಲೆನಾಡಿನ ತೇವವನ್ನೆಲ್ಲ ಹೀರಿಕೊಂಡು ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಕೊಬ್ಬರಿ ಎಣ್ಣೆಯೋ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಹಳತಾದಷ್ಟೂ ಅಂಟಾಗುತ್ತದೆ. ಸ್ಲೈಡು, ಎಂದರೆ ನಳಿಗೆಯ ಮೇಲೆ ಹಿಂದೆ ಮುಂದೆ ಜಾರುವ ಭಾಗ, ಜಗ್ಗದೆ ಹೋದದ್ದು ಅದರಿಂದಲೇ. ಗುಂಡು ತುಂಬುವ ಮ್ಯಾಗಜಿನ್ ತೆಗೆದು, ನಳಿಗೆ ಖಾಲಿಯಿದೆಯೆಂದು ಎರಡು ಬಾರಿ ನೋಡಿದ ಬಳಿಕ ಬಿಚ್ಚಲು ಕುಳಿತೆ. ಆ ದಿನ ನಾನು ಮಾಡಿದ ಸರಿಯಾದ ಕೆಲಸ ಅದೊಂದೇ.

ಬಿಚ್ಚುವುದು ಸುಲಭವಾಗಿಯೇ ಆಯಿತು. ಜೋಡಿಸುವಾಗ ನಳಿಗೆಯ ಕೆಳಗಿನ ಸ್ಪ್ರಿಂಗು ಬೆರಳಿನಿಂದ ಜಾರಿ, ತನ್ನ ಕಡ್ಡಿಯನ್ನೂ ಎಳೆದುಕೊಂಡು ಕನ್ನಡಕದ ಗಾಜಿಗೆ ಬಡಿಯಿತು. ಓದುವ ಕನ್ನಡಕವಿಲ್ಲದೆ ಏನೂ ಕಾಣದ ವಯಸ್ಸಾಗಿರುವುದೇ ನನ್ನ ಕಣ್ಣನ್ನು ಉಳಿಸಿತು. ಕಡ್ಡಿ ಕಾಲಬುಡದಲ್ಲಿಯೇ ಸಿಕ್ಕಿತು. ಸ್ಪ್ರಿಂಗು ಮೂರು ದಿನಗಳ ನಂತರ ಮೆಣಸಿನ ಚೀಲಗಳ ಸಂದಿಯಲ್ಲಿ ದೊರೆಯಿತು.

ಆದರೆ ಕಳೆದುಹೋದ ಸ್ಪ್ರಿಂಗಿಗಿಂತ, ಕೂತಂತೆ ಕಾಣುವ ಸ್ಪ್ರಿಂಗೇ ಅಪಾಯಕಾರಿ. ಈ ಪಿಸ್ತೂಲಿಗೆ ಹೊರಗೆ ಕಾಣುವ ಕುದುರೆ, ಅಂದರೆ ಬಡಿಯುವ ಸುತ್ತಿಗೆ, ಇಲ್ಲ. ಸ್ಲೈಡಿನ ಒಳಗೆ ಸ್ಪ್ರಿಂಗಿನ ಒತ್ತಡದಲ್ಲಿರುವ, ಗುಂಡಿನ ಹಿಂಬದಿಗೆ ಬಡಿದು ಹಾರಿಸುವ ಸ್ಟ್ರೈಕರನ್ನು ಸಿಯರ್ ಎಂಬ ಸಣ್ಣ ಕೊಂಡಿ ತಡೆಹಿಡಿದಿರುತ್ತದೆ. ಆ ಕೊಂಡಿಯನ್ನು ಅದರ ಜಾಗದಲ್ಲಿ ಒತ್ತಿ ಹಿಡಿಯುವುದು ಹಿಡಿಯ ಹಿಂಭಾಗದ ತೆಳುವಾದ ಪಟ್ಟಿ ಸ್ಪ್ರಿಂಗು. ಅದರ ಒಂದು ಕವಲು ಬಾಗಿದ್ದುದನ್ನು ಕಂಡು, ಹಳತಾಗಿ ಸೊಟ್ಟಗಾಗಿದೆಯೆಂದು ಭಾವಿಸಿ, ಇಕ್ಕಳದಲ್ಲಿ ನೆಟ್ಟಗೆ ಮಾಡಿದೆ. ಆ ಬಾಗೇ ಅದರ ಬಲವೆಂಬುದು ನನಗೆ ತಿಳಿದಿರಲಿಲ್ಲ.

ಜೋಡಿಸಿ ಮುಗಿಸಿದಾಗ ಒಂದು ತುಣುಕೂ ಮಿಕ್ಕಿರಲಿಲ್ಲ, ಬಹಳ ಹೆಮ್ಮೆಯಾಯಿತು. ಖಾಲಿ ಪಿಸ್ತೂಲಿನ ಸ್ಲೈಡನ್ನು ಹಿಂದಕ್ಕೆಳೆದು ಬಿಟ್ಟೆ. ಟ್ರಿಗರಿನ ಮೇಲೆ ಬೆರಳೇ ಇರಲಿಲ್ಲ, ಒಳಗೆ ಟಿಕ್ ಎಂದಿತು. ಆಮೇಲೆ ಟ್ರಿಗರ್ ಒತ್ತಿದರೆ ಸದ್ದೇ ಇಲ್ಲ. ಟ್ರಿಗರೇ ಕೆಟ್ಟಿದೆಯೆಂದುಕೊಂಡು ನಾಲ್ಕೈದು ಬಾರಿ ಹಾಗೆಯೇ ಮಾಡಿದ ಮೇಲೆ ಹೊಳೆಯಿತು: ಸಿಯರ್ ಹಿಡಿಯುತ್ತಿಲ್ಲ, ಸ್ಲೈಡು ಮುಚ್ಚಿದೊಡನೆ ಸ್ಟ್ರೈಕರ್ ಜಾರಿ ಹೊಡೆಯುತ್ತಿದೆ. ಮ್ಯಾಗಜಿನ್ ತುಂಬಿದ್ದರೆ ಆರು ಗುಂಡುಗಳೂ ಒಂದರ ಹಿಂದೊಂದು ಹಾರಿದ್ದರೂ ಆಶ್ಚರ್ಯವಿರಲಿಲ್ಲ. ನಳಿಗೆಯ ಎದುರಿಗೆ ಅಡುಗೆಮನೆಯ ಬಾಗಿಲಿತ್ತು.

ಊರಿನ ಲೇತ್ ಅಂಗಡಿಯಲ್ಲಿ ಹೊಸ ಸ್ಪ್ರಿಂಗು ಮಾಡಿಸಿಕೊಳ್ಳುವ ಆಲೋಚನೆಯೂ ಬಂದಿತ್ತೆಂದು ಒಪ್ಪಿಕೊಳ್ಳುತ್ತೇನೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕು ರಿಪೇರಿಗೇ ಪ್ರತ್ಯೇಕ ಪರವಾನಗಿ ಬೇಕು. ನಮ್ಮ ಕೈಯಲ್ಲಿರುವುದು ಇಟ್ಟುಕೊಳ್ಳುವ ಪರವಾನಗಿ ಮಾತ್ರ.

ಕೊನೆಗೆ ಪರವಾನಗಿ ಪುಸ್ತಕದೊಂದಿಗೆ ಅಧಿಕೃತ ರಿಪೇರಿಗಾರರೊಬ್ಬರ ಬಳಿ ಒಯ್ದೆ. ಅವರು ಪಟ್ಟಿ ಸ್ಪ್ರಿಂಗನ್ನು ದೀಪಕ್ಕೆ ಹಿಡಿದು, ನಾನು ಇಕ್ಕಳ ಹಾಕಿದ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕನ್ನು ತೋರಿಸಿದರು. ಬೈಯಲಿಲ್ಲ. "ಎಲೆಕ್ಷನ್ ಬಂದಾಗ ಠಾಣೆಗೆ ಒಪ್ಪಿಸುತ್ತೀರಲ್ಲ, ಅಲ್ಲಿ ಪೇದೆ ಸ್ಲೈಡ್ ಎಳೆದು ನೋಡುತ್ತಾನೆ, ಗೊತ್ತಲ್ಲ?" ಎಂದಷ್ಟೇ ಕೇಳಿದರು.