ಜರ್ಮನಿ ವೀಸಾ ಅಂತ 70,500 ರೂಪಾಯಿ ಕಳೆದುಕೊಂಡೆ, ಕಲಬುರಗಿಯವರು ದಯವಿಟ್ಟು ಓದಿ

ಮೊದಲೇ ಹೇಳಿಬಿಡುತ್ತೇನೆ, ನಾನು ಓದಿದವಳು. ಎಂ.ಎಸ್ಸಿ. ಆಗಿದೆ, ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಓಟಿಪಿ ಯಾರಿಗೂ ಕೊಡಬೇಡಿ ಅಂತ ಮನೆಯಲ್ಲಿ ಎಲ್ಲರಿಗೂ ಬುದ್ಧಿ ಹೇಳುವವಳು ನಾನೇ. ಅಂಥ ನಾನು ಒಬ್ಬ ವೀಸಾ ಏಜೆಂಟನ ಆಫೀಸಿನಲ್ಲಿ ಕೂತು, ಅವನು ತರಿಸಿದ ಚಹಾ ಕುಡಿದು, 70,500 ರೂಪಾಯಿ ಎಣಿಸಿ ಕೊಟ್ಟು ಬಂದೆ. ಒಂದೇ ಸಲಕ್ಕಲ್ಲ, ಐದು ಸಲ ಹೋಗಿ ಕೊಟ್ಟೆ. ಐದು ಸಲವೂ ಅವನಿಗೆ ಥ್ಯಾಂಕ್ಸ್ ಹೇಳಿ ಬಂದೆ. ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಅವನ ಹೆಸರು, ಆಫೀಸಿನ ಹೆಸರು ಹಾಕುತ್ತಿಲ್ಲ. ವಕೀಲರು ಬೇಡ ಅಂದಿದ್ದಾರೆ.

ನಮ್ಮ ಮನೆಯವರು ಜರ್ಮನಿಯವರು. ನಮ್ಮ ಮದುವೆ ಆಗಿದ್ದು ಇಲ್ಲೇ ಕಲಬುರಗಿಯ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ, 1954ರ ವಿಶೇಷ ವಿವಾಹ ಕಾಯ್ದೆಯಡಿ. ಆ ಕೆಲಸ ನಾವೇ ಮಾಡಿಕೊಂಡೆವು. ಮದುವೆಗೆ ಅಡ್ಡಿ ಇಲ್ಲ ಎಂಬ ಸರ್ಟಿಫಿಕೇಟನ್ನು ಅವರು ತಮ್ಮ ಊರಿಂದ ತಂದರು. ನಾನು ನೋಟಿಸ್ ಕೊಟ್ಟೆ, 30 ದಿನ ಕಾದೆವು, ಮೂರು ಜನ ಸಾಕ್ಷಿ ಸಹಿ ಹಾಕಿದರು. ನೋಟಿಸ್ ಬೋರ್ಡಿನ ಮೇಲೆ ನಮ್ಮಿಬ್ಬರ ಹೆಸರು ನೋಡಿ ಯಾರೋ ಪುಣ್ಯಾತ್ಮರು ನಮ್ಮ ಸೋದರತ್ತೆಗೆ ಫೋನ್ ಮಾಡಿದ್ದರು, ಅದು ಬೇರೆ ಕಥೆ. ಹೇಳಬೇಕಾದ್ದು ಏನೆಂದರೆ, ಒಬ್ಬ ಏಜೆಂಟನೂ ಇಲ್ಲದೆ ನಾವು ಮದುವೆಯ ಕಾಗದ ಎಲ್ಲ ಮಾಡಿಕೊಂಡೆವು. ಆಮೇಲೆ ವೀಸಾಕ್ಕೆ ಮಾತ್ರ ಏಜೆಂಟ್ ಬೇಕು ಅಂತ ನನಗೆ ಯಾಕೆ ಅನ್ನಿಸಿತೋ ಗೊತ್ತಿಲ್ಲ.

ಅಲ್ಲ, ಗೊತ್ತಿದೆ. ಭಯ. ಮದುವೆಗೆ ಮುಂಚೆ, 2022ರಲ್ಲಿ, ಅವರ ತಂದೆ ತಾಯಿಯನ್ನು ನೋಡಿ ಬರೋಣ ಅಂತ ಜರ್ಮನಿಗೆ ವಿಸಿಟ್ ವೀಸಾ ಹಾಕಿದ್ದೆ. ತಿರಸ್ಕಾರ ಆಗಿತ್ತು. ವಾಪಸ್ ಬರುತ್ತಾಳೆ ಅಂತ ನಂಬಿಕೆ ಇಲ್ಲ ಅನ್ನುವ ಅರ್ಥದ ಒಂದು ಸಾಲು. ಆ ಸಾಲು ತಲೆಯಲ್ಲಿ ಕೂತುಬಿಟ್ಟಿತ್ತು. ಈ ಸಲ ತಪ್ಪಾಗಬಾರದು ಅಂತ ಗೊತ್ತಿದ್ದವರನ್ನು ಹುಡುಕಿದೆ. ಕಾಲೇಜಿನಲ್ಲಿ ಒಬ್ಬರು ಇವನ ನಂಬರ್ ಕೊಟ್ಟರು. ಪಾಪ, ಅವರ ತಪ್ಪಲ್ಲ. ಅವರ ಮಗನಿಗೆ ಓದಲು ಹೋಗುವಾಗ ಕೆಲಸ ಆಗಿತ್ತಂತೆ.

ಆಫೀಸಿನ ಗೋಡೆ ತುಂಬ ಫೋಟೋ. ಏರ್‌ಪೋರ್ಟಿನಲ್ಲಿ ನಿಂತ ಗಂಡ ಹೆಂಡತಿಯರು, ಕೈಯಲ್ಲಿ ಪಾಸ್‌ಪೋರ್ಟ್. ಕೆಳಗೆ ದೇಶದ ಹೆಸರು. ನಾನು ಆ ಗೋಡೆ ನೋಡುತ್ತಾ ಕೂತಿದ್ದೆ. ಅವನು ಫೈಲ್ ನೋಡಿ ಹೇಳಿದ್ದು ಇಷ್ಟು: "ಅಕ್ಕಾರ, ಫಾರಿನ್ ಮದುವಿ ಅಂದ್ರ ಅವರಿಗೆ ಡೌಟ್ ಬರ್ತದರಿ. ನಿಮ್ಮ ಫೈಲ್ ಭಾಳ ಸೂಕ್ಷ್ಮ ಅದ. ಆದ್ರ ಚಿಂತಿ ಮಾಡಬ್ಯಾಡ್ರಿ, ನಮ್ಮ ಕಡಿ 371 ಜೆ ಸರ್ಟಿಫಿಕೇಟ್ ಮಾಡಿಸಿದಂಗ ಅದ ಇದು. ನೀವು ಬರೇ ಸಹಿ ಮಾಡ್ರಿ."

(371 ಜೆ ಅಂದರೆ ನಮ್ಮ ಕಲ್ಯಾಣ ಕರ್ನಾಟಕದವರ ಮೀಸಲಾತಿ ಸರ್ಟಿಫಿಕೇಟ್.) ಮೊದಲು ಹೆದರಿಸಿದ, ಆಮೇಲೆ ಹೆದರಬೇಡಿ ಅಂದ. ನನ್ನ ಭಯವನ್ನೇ ನನಗೆ ಮಾರಿದ ಅಂತ ಅವತ್ತು ಹೊಳೆಯಲಿಲ್ಲ. "ಸೂಕ್ಷ್ಮ" ಅಂದದ್ದು ನಿಜ ಅನ್ನಿಸಿತು. ಫೈಲ್ ಚಾರ್ಜ್ ಅಂತ 15,000 ಕೊಟ್ಟೆ.

ರಾತ್ರಿ ಫೋನಿನಲ್ಲಿ ನಮ್ಮ ಮನೆಯವರು ಕೇಳಿದರು, ರಸೀದಿ ಎಲ್ಲಿ ಅಂತ. ಮೂರು ಸಲ ಕೇಳಿದರು. ನಾನು ರೇಗಿದೆ. "ಇದು ಕಲಬುರಗಿ, ಇಲ್ಲಿ ಹೀಗೇ ನಡೆಯುತ್ತೆ, ನಿಮಗೆ ಗೊತ್ತಾಗಲ್ಲ" ಅಂದೆ. ಈ ಮಾತು ನಾನು ಆಡಿದ್ದು. ಬರೆದಿಟ್ಟುಕೊಳ್ಳಿ.

ಎರಡನೇ ಸಲ ಹೋದಾಗ ಹೊಸ ಸಮಸ್ಯೆ ಹುಡುಕಿ ಇಟ್ಟಿದ್ದ. ನನ್ನ ಜನನ ಪತ್ರದಲ್ಲಿ, ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ಗುಲ್ಬರ್ಗಾ ಅಂತಿದೆ. ಆಧಾರ್‌ನಲ್ಲಿ, ಮದುವೆ ಸರ್ಟಿಫಿಕೇಟಿನಲ್ಲಿ ಕಲಬುರಗಿ. "ಎರಡು ಊರು ಆಗ್ತದರಿ ಅಕ್ಕಾರ, ರಿಜೆಕ್ಟ್ ಮಾಡ್ತಾರ." ನೋಡಿ, ನಮ್ಮ ಊರಿನ ಹೆಸರು 2014ರ ನವೆಂಬರ್ 1ರಂದು ಬದಲಾಗಿದ್ದು ಇಲ್ಲಿನ ಮಕ್ಕಳಿಗೂ ಗೊತ್ತು. ಬೆಂಗಳೂರು, ಮೈಸೂರು, ಬೆಳಗಾವಿ ಎಲ್ಲವೂ ಅವತ್ತೇ ಬದಲಾದವು. ಹಾಗಾದರೆ ಅಲ್ಲಿ ಹುಟ್ಟಿದವರೆಲ್ಲ ಎರಡೆರಡು ಊರಲ್ಲಿ ಹುಟ್ಟಿದವರಾ? ಈ ಪ್ರಶ್ನೆ ನನಗೆ ಈಗ ಬರುತ್ತಿದೆ. ಅವತ್ತು ಬರಲಿಲ್ಲ. ಅವತ್ತು ನಾನು 5,500 ಕೊಟ್ಟೆ. ಬಂದದ್ದು ಒಂದು ಸ್ಟ್ಯಾಂಪ್ ಕಾಗದದ ಅಫಿಡವಿಟ್, ನೋಟರಿ ಸೀಲು. ಮಿನಿ ವಿಧಾನಸೌಧದ ಹೊರಗೆ ಟೈಪ್ ಮಾಡುವವರ ಹತ್ತಿರ ಹೋಗಿದ್ದರೆ ಕೆಲವು ನೂರು ರೂಪಾಯಿಯಲ್ಲಿ ಮುಗಿಯುವ ಕೆಲಸ.

ಆಮೇಲೆ ಅಪೋಸ್ಟಿಲ್. ಇದು ಗೊತ್ತಿಲ್ಲದವರಿಗೆ: ನಮ್ಮ ದೇಶದ ಕಾಗದ ಅಸಲಿ ಅಂತ ವಿದೇಶಾಂಗ ಸಚಿವಾಲಯ ಅದರ ಹಿಂದೆ ಒಂದು ಸ್ಟಿಕ್ಕರ್ ಅಂಟಿಸಿಕೊಡುತ್ತದೆ. ಸರ್ಕಾರದ ಶುಲ್ಕ ಒಂದು ಕಾಗದಕ್ಕೆ 50 ರೂಪಾಯಿ, ಜೊತೆಗೆ ಅರ್ಜಿ ತೆಗೆದುಕೊಳ್ಳುವ ಸೇವಾ ಕೇಂದ್ರದ ಚಿಲ್ಲರೆ ಶುಲ್ಕ. ಅದಕ್ಕೂ ಮುಂಚೆ ರಾಜ್ಯದಲ್ಲಿ ದೃಢೀಕರಣ ಆಗಬೇಕು, ಓಡಾಟ ಇದೆ, ಒಪ್ಪುತ್ತೇನೆ. ಇವನು ಒಂದಕ್ಕೆ 6,500 ತೆಗೆದುಕೊಂಡ. ಜನನ ಪತ್ರ, ಮದುವೆ ಸರ್ಟಿಫಿಕೇಟ್, ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್, ಡಿಗ್ರಿ ಸರ್ಟಿಫಿಕೇಟ್, ನಾಲ್ಕಕ್ಕೆ 26,000. "ಕ್ಯಾಶ್ ಕೊಡ್ರಿ ಅಕ್ಕಾರ, ನಿಮಗೇ ಜಿಎಸ್‌ಟಿ ಉಳೀತದ" ಅಂದ. ನನಗೆ ಉಳಿತಾಯ ಮಾಡಿಕೊಟ್ಟ ಅಂತ ಖುಷಿಯೂ ಆಯಿತು. ನಾಲ್ಕೂ ಒರಿಜಿನಲ್ ಅವನ ಕೈಗೆ ಕೊಟ್ಟೆ.

ಅನುವಾದಕ್ಕೆ 12,000. ಇಲ್ಲಿ ಎಚ್ಚರ ಆಗಬೇಕಿತ್ತು ನಾನು. ಅಷ್ಟರಲ್ಲಿ ನಾನು ಆನ್‌ಲೈನ್ ಕ್ಲಾಸಿನಲ್ಲಿ ಕಲಿತು, ಬೆಂಗಳೂರಿಗೆ ಹೋಗಿ ಜರ್ಮನ್ ಎ1 ಪರೀಕ್ಷೆ ಪಾಸಾಗಿದ್ದೆ. ಜರ್ಮನಿಯವರನ್ನು ಮದುವೆಯಾಗಿ ಅಲ್ಲಿಗೆ ಹೋಗಬೇಕಾದರೆ ಅದು ಬೇಕು. ನೂರಕ್ಕೆ 60 ಬಂದರೆ ಪಾಸು. ಎ1 ಅಂದರೆ ಒಂದನೇ ಕ್ಲಾಸಿನ ಮಗುವಿನ ಭಾಷೆ, ಅಷ್ಟೇ. ಆ ಭಾಷೆಗೂ ತಪ್ಪು ಕಂಡಿತು. ನಮ್ಮ ತಾಯಿಯ ಹೆಸರು ಬಂಗಾರಮ್ಮ. ಅನುವಾದದಲ್ಲಿ "ಗೋಲ್ಡ್ ಮುಟರ್" ಅಂತ ಆಗಿತ್ತು. ಚಿನ್ನದ ತಾಯಿ! ಕಂಪ್ಯೂಟರಿಗೆ ಹಾಕಿ ತೆಗೆದು ಪ್ರಿಂಟ್ ಹೊಡೆದು ಸೀಲು ಒತ್ತಿದ್ದಾರೆ. ಕೇಳಿದರೆ ಅವನ ಉತ್ತರ: "ಅದು ಜರ್ಮನ್‌ನಾಗ ಹಂಗೇ ಅಂತಾರರಿ ಅಕ್ಕಾರ."

ಜರ್ಮನ್ ಓದಿದವಳು ನಾನು. ನನಗೇ ಹೇಳಿದ. ನಾನು ಸುಮ್ನೆ ಇದ್ದೆ! ತಿದ್ದಿಸಿಕೊಡಿ ಅಂತ ಬೇಡಿಕೊಂಡು ಬಂದೆ.

ಕೊನೆಗೆ ಅಪಾಯಿಂಟ್‌ಮೆಂಟ್ ಸ್ಲಾಟ್. "ಸ್ಲಾಟ್ ಸಿಗೂದಿಲ್ಲರಿ, ಒಳಗಿನವರ ಕಡಿಂದ ತೆಗಸಬೇಕು" ಅಂತ 12,000. ಸ್ಲಾಟ್‌ಗೆ ದುಡ್ಡೇ ಇಲ್ಲ, ಗೊತ್ತಾ? ಬುಕ್ ಮಾಡುವುದು ಉಚಿತ. ಜರ್ಮನಿಯವರ ಹೆಂಡತಿಗೆ ವೀಸಾ ಶುಲ್ಕವೂ ಇಲ್ಲ. ಇವನು ಮಾಡಿದ್ದು ದಿನಾ ಬೆಳಗ್ಗೆ ಲಾಗಿನ್ ಆಗಿ ನೋಡಿದ್ದು. ಅದನ್ನು ನಾನು ಜೋಳದ ರೊಟ್ಟಿ ಬಡಿಯುವ ನಡುವೆ ಮಾಡಬಹುದಿತ್ತು.

ಬೆಂಗಳೂರಿಗೆ ರಾತ್ರಿ ಸೋಲಾಪುರ–ಹಾಸನ ರೈಲಿನಲ್ಲಿ ಹೋದೆ. ಹೊರಡುವ ಹಿಂದಿನ ಸಂಜೆ ಫೈಲ್ ಕೊಟ್ಟಿದ್ದ, ದಾರದಿಂದ ಕಟ್ಟಿ. "ಬಿಚ್ಚಬ್ಯಾಡ್ರಿ ಅಕ್ಕಾರ, ಆರ್ಡರ್ ಕೆಡ್ತದ." ನಾನು ಬಿಚ್ಚಲಿಲ್ಲ. ಹನ್ನೊಂದು ತಾಸು ಆ ಫೈಲನ್ನು ತಲೆಯ ಕೆಳಗೆ ಇಟ್ಟುಕೊಂಡು ಮಲಗಿದೆ, ಬಿಚ್ಚಲಿಲ್ಲ.

ವೀಸಾ ಕೇಂದ್ರದಲ್ಲಿ ಟೋಕನ್ ತೆಗೆದುಕೊಂಡು ಕಾಯುವಾಗ, ನನ್ನ ಪಕ್ಕ ಕೂತ ಹುಡುಗ ತನ್ನ ಅರ್ಜಿಯನ್ನು ಒಂದೊಂದು ಸಾಲೂ ಬೆರಳಿಟ್ಟು ಓದುತ್ತಿದ್ದ. ಅದನ್ನು ನೋಡಿ ನಾನೂ ಬಿಚ್ಚಿದೆ. ಹಿಂದೆ ಜರ್ಮನಿ ನಿಮ್ಮ ಅರ್ಜಿ ತಿರಸ್ಕರಿಸಿದೆಯೇ ಎಂಬ ಅರ್ಥದ ಪ್ರಶ್ನೆ. ಉತ್ತರ: ಇಲ್ಲ. ಕೆಳಗೆ ನನ್ನ ಸಹಿ.

ಮೈ ತಣ್ಣಗಾಯಿತು. ನಾನು ಅವನಿಗೆ ಮೊದಲ ದಿನವೇ ಹೇಳಿದ್ದೆ, ತಿರಸ್ಕಾರದ ಪತ್ರದ ಜೆರಾಕ್ಸ್ ಕೂಡ ಕೊಟ್ಟಿದ್ದೆ. ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ನಡೆಯುವ ವಿಸಿಟ್ ವೀಸಾ, ತಿರಸ್ಕಾರ ಆದರೆ ಅದು ಅವರ ಕಂಪ್ಯೂಟರಿನಲ್ಲಿ ಐದು ವರ್ಷ ಇರುತ್ತದೆ. ಅವರಿಗೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಅದೇ ಅರ್ಜಿಯ ಕೊನೆಯಲ್ಲಿ ಬರೆದಿರುತ್ತದೆ, ಸುಳ್ಳು ಹೇಳಿದರೆ ವೀಸಾ ನಿರಾಕರಿಸಬಹುದು, ಮುಂದೆ ದೇಶದಿಂದ ಹೊರಗೂ ಹಾಕಬಹುದು ಅಂತ. ಖಾಲಿ ಫಾರ್ಮಿಗೆ ಸಹಿ ಹಾಕಿಸಿಕೊಂಡು ಹೋದವನು ಅವನು, ಹಾಕಿಕೊಟ್ಟವಳು ನಾನು. ಗಂಡನ ಹತ್ತಿರ ಹೋಗುವ ದಾರಿಯನ್ನೇ ಮುಚ್ಚಿಬಿಡುತ್ತಿದ್ದ, ಒಂದು ಟಿಕ್ ಗುರುತಿನಲ್ಲಿ.

ಕೌಂಟರಿನ ಹುಡುಗಿಗೆ ನಿಜ ಹೇಳಿದೆ, ತಪ್ಪಾಗಿದೆ ಅಂತ. ಅವಳು ಒಳ್ಳೆಯವಳು, ಹೊರಗೆ ಹೋಗಿ ಹೊಸದಾಗಿ ತುಂಬಿ ತನ್ನಿ ಅಂದಳು. ಓಡಿದೆ, ಬೆವರು ಸುರಿಸುತ್ತಾ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕೂತು ತುಂಬಿದೆ, ವಾಪಸ್ ಬಂದೆ. ಆಗ ಅವಳು ಕಾಗದ ಜೋಡಿಸುತ್ತಾ ಅಪೋಸ್ಟಿಲ್ ಸ್ಟಿಕ್ಕರ್ ನೋಡಿ ಸಹಜವಾಗಿ ಹೇಳಿದಳು: "ಇದನ್ನ ಯಾಕೆ ಮಾಡಿಸಿದ್ರಿ ಮೇಡಂ? ಜರ್ಮನಿ ಇದನ್ನ ಒಪ್ಪಲ್ಲ."

ನನಗೆ ಅರ್ಥ ಆಗಲಿಲ್ಲ. ಇನ್ನೊಮ್ಮೆ ಕೇಳಿದೆ. ಭಾರತ 2005ರಲ್ಲೇ ಅಪೋಸ್ಟಿಲ್ ಒಪ್ಪಂದಕ್ಕೆ ಸೇರಿದೆ, ಆದರೆ ನಮ್ಮ ಸೇರ್ಪಡೆಗೆ ಜರ್ಮನಿ ಆಕ್ಷೇಪ ಎತ್ತಿದೆ. ಹಾಗಾಗಿ ಎಷ್ಟೋ ದೇಶಕ್ಕೆ ನಡೆಯುವ ಸ್ಟಿಕ್ಕರ್ ಜರ್ಮನಿಗೆ ನಡೆಯಲ್ಲ. ಅವರಿಗೆ ಅನುಮಾನ ಇದ್ದರೆ ತಮ್ಮ ಕಡೆಯ ವಕೀಲರನ್ನು ಕಳಿಸಿ ದಾಖಲೆ ಪರಿಶೀಲಿಸುತ್ತಾರೆ, ಅದಕ್ಕೆ ಬೇರೆ ಖರ್ಚು, ಬೇರೆ ಕಾಯುವಿಕೆ. ಇದೆಲ್ಲ ದೂತಾವಾಸದ ವೆಬ್‌ಸೈಟಿನಲ್ಲಿ ಇದೆ. ಮೊದಲಿಂದಲೂ ಇತ್ತು. ನಾನು ಒಂದು ದಿನ ಕೂತು ಓದಿದ್ದರೆ ಸಾಕಿತ್ತು. 26,000 ರೂಪಾಯಿಯ ಸ್ಟಿಕ್ಕರ್ ಯಾರಿಗೂ ಬೇಡ. ಆ ಹುಡುಗಿಯ ಮುಂದೆ ಅಳು ಬಂತು, ನಾಚಿಕೆಗೆ.

ಅಲ್ಲಿಂದಲೇ ಅವನಿಗೆ ಫೋನ್ ಮಾಡಿದೆ. "ಹೌದೇನ್ರಿ? ರೂಲ್ ಈಗ ಚೇಂಜ್ ಆಗಿರಬೇಕು ನೋಡ್ರಿ." ಈಗ ಚೇಂಜ್ ಆಗಿದ್ದಂತೆ! ಟಿಕ್ ಗುರುತಿನ ಬಗ್ಗೆ ಕೇಳಿದೆ. "ನಿಮ್ಮ ಒಳ್ಳೇದಕ್ಕ ಹಾಕೀವಿ ಅಕ್ಕಾರ. ಖರೇ ಹೇಳಿದ್ರ ವೀಸಾ ಸಿಗ್ತದೇನ್ರಿ?"

ಊರಿಗೆ ಬಂದು ನಮ್ಮ ಸೋದರಮಾವನನ್ನು ಕರೆದುಕೊಂಡು ಹೋದೆ. ರಿಟೈರ್ ಆದ ಹೆಡ್‌ಮಾಸ್ತರ್, ಜೋರಾಗಿ ಮಾತಾಡುವವರಲ್ಲ. ಎಸ್‌ಎಸ್‌ಎಲ್‌ಸಿ, ಡಿಗ್ರಿ ಎರಡೂ ಇನ್ನೂ ಅವನ ಹತ್ತಿರವೇ ಇದ್ದವು, "ದಿಲ್ಲಿಯಿಂದ ಬರಬೇಕು" ಅಂತ ಎರಡು ತಿಂಗಳಿಂದ ಹೇಳುತ್ತಿದ್ದ. ದುಡ್ಡು ವಾಪಸ್ ಕೇಳಿದ ಕೂಡಲೇ ಅಕ್ಕಾರ ಹೋಗಿ ಮೇಡಂ ಆದೆ. "ಮೇಡಂ, ಇನ್ನೂ 8,000 ಬಾಕಿ ಅದ. ಅದು ಕೊಟ್ಟು ಒರಿಜಿನಲ್ ಒಯ್ರಿ." ಯಾವ ಬಾಕಿ? ಸರ್ವೀಸ್ ಅಂತೆ. ಮಾವ ಶಾಂತವಾಗಿ ಹೇಳಿದರು, "ತಮ್ಮಾ, ಠಾಣೆಗೆ ಹೋಗೋಣೇನು? ಇಲ್ಲೇ ಹತ್ತಿರ ಅದ." ಅವನು ಎದ್ದು ಟೇಬಲ್ಲಿನ ಕೆಳಗಿನ ಖಾನೆ ಎಳೆದ. ನನ್ನ ಎರಡೂ ಸರ್ಟಿಫಿಕೇಟ್ ಅಲ್ಲೇ ಇದ್ದವು, ನಾನು ಕೊಟ್ಟ ಅದೇ ಪ್ಲಾಸ್ಟಿಕ್ ಕವರಿನಲ್ಲಿ. ದಿಲ್ಲಿ ಹೋಗಲಿ, ಶಹಾಬಾದ್ ಕೂಡ ದಾಟಿರಲಿಲ್ಲ. ಹಿಂದೆ ತಿರುಗಿಸಿ ನೋಡಿದೆ, ಸ್ಟಿಕ್ಕರೂ ಇಲ್ಲ, ಸೀಲೂ ಇಲ್ಲ. ಆ ಎರಡಕ್ಕೆ 13,000 ತಿಂದಿದ್ದ. ಅವು ಹೆಂಡತಿಯಾಗಿ ಹೋಗುವ ವೀಸಾಕ್ಕೆ ಬೇಕೂ ಇರಲಿಲ್ಲ ಅನ್ನುವುದು ಇನ್ನೊಂದು ಸಂಕಟ.

ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಟ್ಟಿದ್ದೇನೆ. ಐದು ಲಕ್ಷದೊಳಗಿನ ವ್ಯವಹಾರಕ್ಕೆ ದೂರಿನ ಶುಲ್ಕ ಇಲ್ಲ. ಆದರೆ ನನ್ನ ಹತ್ತಿರ ರಸೀದಿ ಒಂದೂ ಇಲ್ಲ, ಇರುವುದು ವಾಟ್ಸ್‌ಆಪ್ ಮಾತು ಮಾತ್ರ. ಜಿಎಸ್‌ಟಿ ಉಳಿಸಿದವಳು ಅಲ್ವಾ ನಾನು.

ನಿಮ್ಮ ಮನೆಯಲ್ಲಿ ಯಾರಾದರೂ ಹೊರದೇಶದವರನ್ನು ಮದುವೆಯಾಗಿ ಕಾಗದ ಮಾಡಿಸುತ್ತಿದ್ದರೆ, ಖಾಲಿ ಫಾರ್ಮಿಗೆ ಸಹಿ ಹಾಕಬೇಡಿ. ಒರಿಜಿನಲ್ ಯಾರ ಖಾನೆಯಲ್ಲೂ ಇಡಬೇಡಿ. ಹಿಂದೆ ತಿರಸ್ಕಾರ ಆಗಿದ್ದರೆ ಆಗಿದೆ ಅಂತಲೇ ಬರೆಯಿರಿ. ಆ ದೇಶದ ದೂತಾವಾಸದ ವೆಬ್‌ಸೈಟ್ ಓದಿ, ಅರ್ಥ ಆಗದಿದ್ದರೆ ಎರಡು ಸಲ ಓದಿ. ಮತ್ತೆ ನಿಮ್ಮ ಗಂಡನೋ ಹೆಂಡತಿಯೋ ರಸೀದಿ ಎಲ್ಲಿ ಅಂತ ಕೇಳಿದರೆ ರೇಗಬೇಡಿ. ನನಗೆ ಈಗಲೂ ಅವರ ಮುಂದೆ ಆ ಮಾತು ಎತ್ತಲು ಆಗುತ್ತಿಲ್ಲ. ಅವರು ಎತ್ತುವುದೂ ಇಲ್ಲ, ಅದು ಇನ್ನೂ ಕಷ್ಟ.

ನನ್ನ ದಾಖಲೆ ಪರಿಶೀಲನೆ ನಡೆಯುತ್ತಿದೆ, ಕಾಯುತ್ತಿದ್ದೇನೆ. ಮೊನ್ನೆ ಅವನಿಂದ ಒಂದು ಮೆಸೇಜ್ ಬಂತು. ದೂರು ಕೊಟ್ಟದ್ದು ಅವನಿಗೆ ಇನ್ನೂ ಮುಟ್ಟಿಲ್ಲ ಅನ್ನಿಸುತ್ತದೆ. "ಅಕ್ಕಾರ, ವೀಸಾ ಬಂದ ಮ್ಯಾಲೆ ನಿಮ್ಮಿಬ್ಬರದು ಏರ್‌ಪೋರ್ಟ್ ಫೋಟೋ ಒಂದು ಕಳಸ್ರಿ, ಗ್ವಾಡಿಗಿ ಹಾಕ್ತೀವಿ." ಸ್ಕ್ರೀನ್‌ಶಾಟ್ ತೆಗೆದು ವಕೀಲರಿಗೆ ಕಳಿಸಿದ್ದೇನೆ.